ಸಿರಾಮಿಕ್ ಕೋಟಿಂಗ್ ಬಾಟಲಿ ತೆರೆಯುವ ಮುಂಚೆ: ಕಾರಿನ ಬಣ್ಣ ತಯಾರು ಮಾಡಿಕೊಳ್ಳುವುದು ಹೇಗೆ?

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಆನ್‌ಲೈನ್‌ನಲ್ಲಿ ಸಿರಾಮಿಕ್ ಕೋಟಿಂಗ್ ಬಾಟಲಿ ತರಿಸಿದ್ದೇನೆ. ಕಾರು ತೊಳೆದು ಹಚ್ಚಿದರೆ ಸಾಕಲ್ವಾ?" ಕಾರವಾರದವರು ಕೇಳುತ್ತಾರೆ, ಕುಮಟಾದವರು ಕೇಳುತ್ತಾರೆ, ಶಿರಸಿಯವರಂತೂ ಇನ್ನೂ ಜಾಸ್ತಿ.

ಸಾಕಾಗುವುದಿಲ್ಲ. ಕೋಟಿಂಗ್ ಹಚ್ಚುವುದು ಅರ್ಧ ದಿನದ ಕೆಲಸ. ಅದಕ್ಕೆ ಮುಂಚಿನ ತಯಾರಿ ಎರಡು ದಿನದ್ದು. "ದುಡ್ಡು ದಂಡ, ಆರು ತಿಂಗಳಿಗೇ ಹೋಯ್ತು" ಎಂದು ಬೈದುಕೊಳ್ಳುವವರು, ನಾನು ನೋಡಿದ ಮಟ್ಟಿಗೆ, ಎಡವಿದ್ದು ಆ ಎರಡು ದಿನದಲ್ಲೇ. ಹಾಗಾಗಿ ಇಲ್ಲಿ ಹಚ್ಚುವ ಪಾಠ ಇಲ್ಲ. ಅದು ನಿಮ್ಮ ಬಾಟಲಿಯ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ. ಇಲ್ಲಿರುವುದು ತಯಾರಿ ಮಾತ್ರ, ಅದೂ ನಮ್ಮ ಕಡೆಯ ಉಪ್ಪು ಗಾಳಿ, ಕೆಂಪು ಧೂಳು, ಅಡಿಕೆ ತೋಟ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು.

ಮೊದಲು ಎರಡು ಮಾತು

ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ ಇರುತ್ತದೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್. ಕ್ಲಿಯರ್ ಕೋಟ್ ಅಂದರೆ ಬಣ್ಣವಿಲ್ಲದ, ಗಾಜಿನಂತೆ ಕಾಣುವ ಪದರ. ಹೊಳಪು ಕೊಡುವುದು ಅದೇ, ಗೀರು ಬೀಳುವುದೂ ಅದರ ಮೇಲೇ. ಕಂಪನಿಯಿಂದ ಬಂದ ಕಾರಿನಲ್ಲಿ ಈ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಕ್ಲಿಯರ್ ಕೋಟ್ ಒಂದೇ 35ರಿಂದ 50 ಮೈಕ್ರಾನ್. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವ ಬಂಡವಾಳ ಕೂದಲಿಗಿಂತ ತೆಳು. ಪಾಲಿಷ್ ಮಾಡುವಾಗಲೆಲ್ಲ ಅದರಿಂದಲೇ ಸ್ವಲ್ಪ ಖರ್ಚಾಗುತ್ತದೆ.

ಸಿರಾಮಿಕ್ ಕೋಟಿಂಗ್ ಇದಕ್ಕಿಂತಲೂ ತೆಳು, ಒಂದೆರಡು ಮೈಕ್ರಾನ್ ಅಷ್ಟೇ. ಸಿಲಿಕಾ ಮೂಲದ ದ್ರವ ಅದು. ಕ್ಲಿಯರ್ ಕೋಟಿಗೆ ಅಂಟಿಕೊಂಡು ಗಟ್ಟಿಯಾಗುತ್ತದೆ. ಇಷ್ಟು ತೆಳು ಪದರ ಯಾವ ಗೀರನ್ನೂ ಮುಚ್ಚುವುದಿಲ್ಲ. ಕೆಳಗೆ ಕೊಳೆ ಇದ್ದರೆ ಕೊಳೆಗೇ ಅಂಟಿಕೊಳ್ಳುತ್ತದೆ. ಗೀರು ಇದ್ದರೆ ಅದರ ಮೇಲೆ ಹೊಳಪು ಕೊಟ್ಟು ಇನ್ನೂ ಚೆನ್ನಾಗಿ ತೋರಿಸುತ್ತದೆ! ಒಮ್ಮೆ ಗಟ್ಟಿಯಾದ ಮೇಲೆ ತೆಗೆಯಲು ಮೆಷಿನ್ ಹಿಡಿದು ಉಜ್ಜುವುದೊಂದೇ ದಾರಿ.

ಬಾಟಲಿಯ ಮೇಲೆ 9ಎಚ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಪೆನ್ಸಿಲ್ ಗಡಸುತನದ ಅಳತೆ, ಕಲ್ಲೇಟು ತಡೆಯುವ ಭರವಸೆ ಅಲ್ಲ. ದೇವಿಮನೆ ಘಟ್ಟದಲ್ಲಿ ಮುಂದಿನ ಟಿಪ್ಪರ್ ಚಕ್ರದಿಂದ ಹಾರುವ ಜಲ್ಲಿಗೆ ಈ 9ಎಚ್ ಏನೂ ಮಾಡುವುದಿಲ್ಲ.

ಯಾರು ಈಗ ಮಾಡಬಾರದು?

ಮೂರು ಜನ ಇಲ್ಲೇ ನಿಲ್ಲಿ.

ಒಂದು, ಬಾಗಿಲಿನ ಕೆಳ ಅಂಚಿನಲ್ಲೋ ಬಾನೆಟ್ಟಿನ ತುದಿಯಲ್ಲೋ ತುಕ್ಕು ಬಂದವರು. ಕರಾವಳಿಯಲ್ಲಿ ಇದು ಮಾಮೂಲು. ಕಲ್ಲು ಬಡಿದು ಬಣ್ಣ ಹಾರಿದ ಚುಕ್ಕೆಯಿಂದ ಉಪ್ಪುನೀರು ಒಳಗೆ ಹೋಗಿ, ಬಣ್ಣ ಗುಳ್ಳೆ ಏಳುತ್ತದೆ. ಕೋಟಿಂಗ್ ತುಕ್ಕನ್ನು ನಿಲ್ಲಿಸುವುದಿಲ್ಲ. ಒಳಗೊಳಗೇ ಅದು ಹಬ್ಬುತ್ತಲೇ ಇರುತ್ತದೆ. ಮೊದಲು ತುಕ್ಕು ತೆಗೆಸಿ, ಪ್ರೈಮರ್ ಹಾಕಿಸಿ, ಬಣ್ಣ ಮಾಡಿಸಿ.

ಎರಡು, ಈಚೆಗೆ ಬಣ್ಣ ಹೊಡೆಸಿದವರು. ಹೊಸ ಬಣ್ಣದೊಳಗಿನ ಥಿನ್ನರ್ ಪೂರ್ತಿ ಆರಲು ವಾರಗಟ್ಟಲೆ ಬೇಕು. ಕನಿಷ್ಠ ಒಂದು ತಿಂಗಳು ಬಿಡಿ. ಬಣ್ಣ ಹೊಡೆದವರನ್ನೇ ಒಂದು ಮಾತು ಕೇಳಿ.

ಮೂರು, ಕ್ಲಿಯರ್ ಕೋಟ್ ಸಿಪ್ಪೆ ಏಳುತ್ತಿರುವ ಹಳೆ ಕಾರಿನವರು. ಟಾಪ್ ಮೇಲೆ ಬಿಳಿ ಬಿಳಿಯಾಗಿ ಪೊರೆ ಕಳಚುತ್ತಿದ್ದರೆ ಅದಕ್ಕೆ ಬಣ್ಣವೇ ಮದ್ದು.

ಯಾವಾಗ, ಎಲ್ಲಿ?

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆ ಇಲ್ಲ, ತಗಡು ಸುಡುವ ಬಿಸಿಲೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆ ಬಿಡಿ. ಗೋಡೆಯೇ ಬೆವರುವ ತಿಂಗಳುಗಳಲ್ಲಿ ಕನ್ನಡಿಯ ಸಂದಿ, ಬಾಗಿಲ ಹಿಡಿ ಒಳಗಿನ ನೀರು ಒಣಗುವುದೇ ಇಲ್ಲ.

ಸೂರು ಬೇಕೇ ಬೇಕು. ಪೋರ್ಟಿಕೋ ಇದ್ದರೆ ಸರಿ. ಶಿರಸಿ ಕಡೆಯವರು ಅಟ್ಟದ ಕೆಳಗೆ, ಅಡಿಕೆ ಚಪ್ಪರದ ಕೆಳಗೆ ಮಾಡಲು ಹೊರಡುತ್ತಾರೆ. ನವೆಂಬರ್ ಅಂದರೆ ಕೊಯ್ಲಿನ ಕಾಲವೂ ಹೌದು. ಮೇಲೆ ಅಡಿಕೆ ಹರವಿದ್ದರೆ ಕೆಳಗೆ ಧೂಳು, ಹೊಟ್ಟು ಉದುರುತ್ತದೆ. ಪಕ್ಕದಲ್ಲಿ ಅಡಿಕೆ ಬೇಯಿಸುವ ಒಲೆ ಇದ್ದರೆ ಹೊಗೆಯ ಜಿಡ್ಡು ಬೇರೆ. ಬೇರೆ ಜಾಗ ನೋಡಿ. ಮಣ್ಣಿನ ಅಂಗಳವಾದರೆ ಸುತ್ತಲೂ ನೀರು ಚಿಮುಕಿಸಿ ಧೂಳು ಕೂರಿಸಿಕೊಳ್ಳಿ.

ಸಮುದ್ರದ ಪಕ್ಕದವರಿಗೆ ಇನ್ನೊಂದು ಮಾತು. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ. ಕಾರವಾರದ ಟಾಗೋರ್ ಕಡಲತೀರದ ಹತ್ತಿರ ಒಂದು ಗಂಟೆ ಕಾರು ನಿಲ್ಲಿಸಿ ಗಾಜಿನ ಮೇಲೆ ಬೆರಳಾಡಿಸಿ ನೋಡಿ, ಅಂಟಂಟು. ಅದು ಉಪ್ಪಿನ ಪದರ. ಕೊನೆಯ ಒರೆಸುವಿಕೆ ಮತ್ತು ಕೋಟಿಂಗ್ ಎರಡನ್ನೂ ಗಾಳಿ ಏಳುವ ಮೊದಲು ಮುಗಿಸುವ ಹಾಗೆ ದಿನ ಹೊಂದಿಸಿಕೊಳ್ಳಿ. ಮೊದಲ ದಿನ ತೊಳೆಯುವುದು ಮತ್ತು ಕ್ಲೇ (ಬಣ್ಣಕ್ಕೆ ಅಂಟಿದ ತರಿ ತೆಗೆಯುವ ಮೆದು ಉಂಡೆ), ಎರಡನೇ ದಿನ ಪಾಲಿಷ್, ಮೂರನೇ ದಿನ ಬೆಳಗ್ಗೆ ಒರೆಸಿ ಹಚ್ಚುವುದು.

ಏನೇನು ಬೇಕು?

ಎರಡು ಬಕೆಟ್, ಕಾರ್ ಶಾಂಪೂ, ತೊಳೆಯುವ ಮೈಕ್ರೋಫೈಬರ್ ಗವಸು. ಟಾರ್ ತೆಗೆಯುವ ದ್ರವ, ಕಬ್ಬಿಣದ ಪುಡಿ ಕರಗಿಸುವ ಐರನ್ ರಿಮೂವರ್, ಕ್ಲೇ ಬಾರ್. ಡಿಎ ಪಾಲಿಷರ್ (ಪಾಲಿಷ್ ಮಾಡುವ ಮೆಷಿನ್), ಫೋಮ್ ಪ್ಯಾಡ್ ನಾಲ್ಕೈದು, ಒಂದು ಕಾಂಪೌಂಡ್ (ಹೆಚ್ಚು ಉಜ್ಜುವ ಒರಟು ಪಾಲಿಷ್), ಒಂದು ಫಿನಿಶಿಂಗ್ ಪಾಲಿಷ್ (ನಯವಾದದ್ದು). ಮಾಸ್ಕಿಂಗ್ ಟೇಪ್. ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಕೋಟಿಂಗ್ ಕಂಪನಿಯದೇ ಪ್ಯಾನೆಲ್ ವೈಪ್, ಅಂದರೆ ಜಿಡ್ಡು ಒರೆಸುವ ದ್ರವ. ಕೈಗವಸು, ಮಾಸ್ಕ್, ಒಳ್ಳೆಯ ಟಾರ್ಚ್. ಮೈಕ್ರೋಫೈಬರ್ ಬಟ್ಟೆ ಕನಿಷ್ಠ 15.

ಬಟ್ಟೆಯಲ್ಲಿ ಜಿಪುಣತನ ಬೇಡ. ಹಳೆ ಪಂಚೆ, ಹರಿದ ಬನಿಯನ್, ಲುಂಗಿ ತುಂಡು ಇವು ಯಾವುವೂ ಬಣ್ಣದ ಹತ್ತಿರ ಸುಳಿಯಬಾರದು. ಹೊಸ ಮೈಕ್ರೋಫೈಬರನ್ನೂ ಒಮ್ಮೆ ಒಗೆದು, ಅಂಚಿನ ಲೇಬಲ್ ಕತ್ತರಿಸಿ ಬಳಸಿ. ಒಗೆಯುವಾಗ ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ, ಅದರ ಜಿಡ್ಡು ಎಳೆಯಲ್ಲೇ ಉಳಿಯುತ್ತದೆ.

ಹಂತ 1: ನೀರು ಪರೀಕ್ಷೆ ಮಾಡಿ

ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕು. ಸ್ಟೀಲ್ ತಟ್ಟೆ ಬೋರಲು ಹಾಕಿ, ನಿಮ್ಮ ಮನೆಯ ನೀರು ನಾಲ್ಕು ಹನಿ ಬಿಟ್ಟು ಬಿಸಿಲಿನಲ್ಲಿ ಒಣಗಿಸಿ. ಬಿಳಿ ಉಂಗುರ ಉಳಿದರೆ ಆ ನೀರಿನಲ್ಲಿ ಸುಣ್ಣದ ಅಂಶವೋ ಉಪ್ಪೋ ಇದೆ. ಕಂದು ಕಲೆ ಉಳಿದರೆ ಕಬ್ಬಿಣದ ಅಂಶ. ಕಡಲಂಚಿನ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುವುದು ನಿಮಗೆ ಗೊತ್ತೇ ಇದೆ. ಬೋರ್‌ವೆಲ್ ನೀರಂತೂ ಊರಿಗೊಂದು ಥರ.

ಹಾಗೆಂದು ಆ ನೀರಿನಿಂದ ತೊಳೆಯಬಾರದು ಎಂದಲ್ಲ. ತೊಳೆಯಿರಿ, ಆದರೆ ಕಾರಿನ ಮೈಮೇಲೆ ಒಣಗಲು ಬಿಡಬೇಡಿ. ಕೊನೆಯ ಒಂದೆರಡು ಬಕೆಟ್ ಮಾತ್ರ ಒಳ್ಳೆಯ ನೀರು ಹೊಂದಿಸಿಕೊಂಡರೂ ಸಾಕು.

ಹಂತ 2: ಮುಟ್ಟದೆ ತೊಳೆಯಿರಿ, ಆಮೇಲೆ ಮುಟ್ಟಿ ತೊಳೆಯಿರಿ

ನೆರಳಿನಲ್ಲಿ, ತಗಡು ತಣ್ಣಗಿದ್ದಾಗ ಶುರು ಮಾಡಿ. ಮೊದಲು ಪೈಪಿನಿಂದಲೋ ಪ್ರೆಷರ್ ವಾಷರಿನಿಂದಲೋ ನೀರು ಬಿಟ್ಟು ಧೂಳು, ರಾಡಿ ಇಳಿಸಿ. ಚಕ್ರದ ಒಳಗೋಡೆ, ಮಡ್‌ಫ್ಲಾಪ್ ಹಿಂಬದಿ, ಡೋರಿನ ಕೆಳಭಾಗ ಇಲ್ಲೆಲ್ಲ ಚಿರೇಕಲ್ಲಿನ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಇದನ್ನು ಒಣಗಿದ್ದಾಗ ಉಜ್ಜಿದರೆ ಉಪ್ಪುಕಾಗದದಲ್ಲಿ ತೀಡಿದ ಹಾಗೆ. ನೆನೆಸಿ, ಕಾದು, ಮತ್ತೆ ನೀರು ಬಿಡಿ. ಬಣ್ಣ ಗುಳ್ಳೆ ಎದ್ದ ಕಡೆ ಪ್ರೆಷರ್ ವಾಷರ್ ನಳಿಗೆ ಹತ್ತಿರ ಹಿಡಿಯಬೇಡಿ, ಬಣ್ಣವೇ ಹಾರಿ ಬರುತ್ತದೆ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆದ ಮೇಲೆ, ಬರೀ ನೀರಿನಲ್ಲಿ ಜಾಲಾಡಿಸಿ, ಆಮೇಲೇ ಮತ್ತೆ ಶಾಂಪೂವಿಗೆ ಅದ್ದಬೇಕು. ಮಣ್ಣು ಎರಡನೇ ಬಕೆಟಿನ ತಳದಲ್ಲೇ ಉಳಿಯಲಿ ಅನ್ನುವುದು ಇದರ ಲೆಕ್ಕ. ಟಾಪಿನಿಂದ ಶುರು ಮಾಡಿ ಕೆಳಗೆ ಬನ್ನಿ. ಚಕ್ರಕ್ಕೆ ಬೇರೆ ಬಟ್ಟೆ.

ಮೇಣ ಇರುವ ಶಾಂಪೂ ಈ ಸಲ ಬೇಡ. ಬಟ್ಟೆ ಒಗೆಯುವ ಪೌಡರ್ ಯಾವ ಸಲವೂ ಬೇಡ. ಹಳೆ ಮೇಣ ತೆಗೆಯಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಒಂದು ಸಲಕ್ಕೆ ಅನಾಹುತವೇನೂ ಆಗುವುದಿಲ್ಲ, ಆದರೆ ಮೇಣ ಪೂರ್ತಿ ಹೋಗುವುದೂ ಇಲ್ಲ. ಅದನ್ನು ನಿಜವಾಗಿ ತೆಗೆಯುವುದು ಮುಂದಿನ ಪಾಲಿಷ್.

ಹಂತ 3: ನಮ್ಮ ಊರಿನ ಕಲೆಗಳು

ಯಾವುದೋ ನಗರದವರ ವಿಡಿಯೋ ನೋಡಿ ಕಲಿತವರು ಇಲ್ಲೇ ತಪ್ಪುತ್ತಾರೆ. ಅವರ ಕಾರಿನ ಮೇಲೆ ಬೀಳುವುದೇ ಬೇರೆ, ನಮ್ಮ ಕಾರಿನ ಮೇಲೆ ಬೀಳುವುದೇ ಬೇರೆ. ಒಂದೊಂದಕ್ಕೂ ಒಂದೊಂದು ಮದ್ದು.

ತೋಟದ ಅಂಚಿನಲ್ಲಿ ಕಾರು ನಿಲ್ಲಿಸುವವರ ಬಾನೆಟ್ಟಿನ ಮೇಲೆ ತಿಳಿ ನೀಲಿ ಚುಕ್ಕೆಗಳು ಇರುತ್ತವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅದು, ಮೈಲುತುತ್ತ ಮತ್ತು ಸುಣ್ಣ. ಅಡಿಕೆ ಗೊನೆಗೆ ಮಳೆಯಲ್ಲೂ ಅಂಟಿಕೊಂಡಿರಲಿ ಎಂದೇ ಮಾಡಿದ ಔಷಧಿ, ನಿಮ್ಮ ಕಾರನ್ನು ಸುಲಭಕ್ಕೆ ಬಿಡುತ್ತದೆಯೇ? ಶಾಂಪೂವಿಗೆ ಇದು ಹೋಗುವುದಿಲ್ಲ. ಉಗುರಿನಿಂದ ಕೆರೆಯಬೇಡಿ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಹಾಸಿ ಇಡಿ. ಸುಣ್ಣ ಹುಳಿಗೆ ಕರಗುತ್ತದೆ. ಮೆಲ್ಲಗೆ ಒರೆಸಿ, ತಕ್ಷಣ ಚೆನ್ನಾಗಿ ತೊಳೆಯಿರಿ. ಬೋರ್ ನೀರಿನ ಬಿಳಿ ಉಂಗುರಕ್ಕೂ, ಮನೆ ಕಟ್ಟುವಾಗ ಸಿಡಿದ ಸಿಮೆಂಟ್ ಹನಿಗೂ ಇದೇ ಮದ್ದು. ಸಿಮೆಂಟಾದರೆ ಮೂರ್ನಾಲ್ಕು ಸಲ ಮಾಡಬೇಕಾದೀತು.

ಹಲಸಿನ ಮೇಣ, ಮಾವಿನ ಸೊನೆ ಇದ್ದರೆ ಅಜ್ಜಿಯ ವಿದ್ಯೆಯೇ ಸರಿ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಅದೇ ಎಣ್ಣೆ ಎರಡು ಹನಿ ಹಾಕಿ ಮೇಣ ಮೆದುವಾದ ಮೇಲೆ ಒರೆಸಿ. ಆದರೆ ಎಣ್ಣೆ ಉಳಿದರೆ ಕೋಟಿಂಗ್ ಅಂಟುವುದಿಲ್ಲ. ಆ ಜಾಗವನ್ನು ಮತ್ತೊಮ್ಮೆ ಶಾಂಪೂ ಹಾಕಿ ತೊಳೆಯುವುದು ಕಡ್ಡಾಯ.

ಟಾರ್ ಹನಿಗಳು ಡೋರಿನ ಕೆಳಗೆ, ಹಿಂದಿನ ಬಂಪರಿನಲ್ಲಿ ಕಪ್ಪಗೆ ಕೂತಿರುತ್ತವೆ. ಹೆದ್ದಾರಿ 66ರ ಕೆಲಸ, ಘಟ್ಟದ ರಸ್ತೆ ಅಗಲ ಮಾಡುವ ಕೆಲಸ ಇವೆಲ್ಲದರ ಕಾಣಿಕೆ. ಟಾರ್ ರಿಮೂವರ್ ಹಚ್ಚಿ, ಕರಗಿ ಕಂದು ನೀರಾಗಿ ಇಳಿಯುವವರೆಗೆ ಕಾದು ಒರೆಸಿ. ಪೆಟ್ರೋಲ್, ಥಿನ್ನರ್ ಬೇಡ. ಸೀಮೆಎಣ್ಣೆ, ಡೀಸೆಲ್ ಕೂಡ ಬೇಡ, ಅವು ಟಾರ್ ತೆಗೆದು ತಮ್ಮ ಜಿಡ್ಡು ಬಿಟ್ಟು ಹೋಗುತ್ತವೆ.

ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಸುಟ್ಟ ಆಯಿಲ್ ಹೊಡೆಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ನೀವೂ ಹೊಡೆಸಿದ್ದರೆ ಡೋರಿನ ಕೆಳ ಅಂಚನ್ನು ಎರಡು ಸಲ ನೋಡಿ, ಅಲ್ಲಿ ಆಯಿಲ್ ತೇವ ಇದ್ದೇ ಇರುತ್ತದೆ. ಇನ್ನು ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಹೋಗಿ ನೀರು ಸಿಡಿಸಿಕೊಂಡವರು ಅವತ್ತೇ ಕಾರು ತೊಳೆಯಬೇಕು. ಕೋಟಿಂಗ್ ಹಾಕಲಿ ಬಿಡಲಿ.

ಹಂತ 4: ಐರನ್ ರಿಮೂವರ್

ಬ್ರೇಕ್ ಹಿಡಿದಾಗ ಡಿಸ್ಕಿನಿಂದ ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಹಾರುತ್ತದೆ. ಘಟ್ಟ ಇಳಿಯುವ ಕಾರುಗಳಲ್ಲಿ ಇದು ಜಾಸ್ತಿ. ರೈಲು ಹಳಿಯ ಹತ್ತಿರ ನಿಲ್ಲಿಸಿದ ಕಾರಿಗೆ, ಪಕ್ಕದಲ್ಲೇ ಗೇಟ್ ವೆಲ್ಡಿಂಗ್, ಗ್ರೈಂಡಿಂಗ್ ನಡೆದ ಕಾರಿಗೆ ಕೇಳುವುದೇ ಬೇಡ. ಈ ಕಣ ಬಣ್ಣದಲ್ಲಿ ಚುಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತದೆ. ಬಿಳಿ ಕಾರಿನ ಮೇಲೆ ಕಿತ್ತಳೆ ಚುಕ್ಕೆಗಳು ಕಂಡರೆ ಅದೇ ಇದು.

ಐರನ್ ರಿಮೂವರ್ ಅಂದರೆ ಈ ಕಬ್ಬಿಣವನ್ನು ಕರಗಿಸುವ ಸ್ಪ್ರೇ. ತಣ್ಣಗಿನ ಮೈಮೇಲೆ, ನೆರಳಿನಲ್ಲಿ ಒಂದೊಂದೇ ಬದಿಗೆ ಹೊಡೆಯಿರಿ. ಕಬ್ಬಿಣ ಸಿಕ್ಕಿದಲ್ಲೆಲ್ಲ ನೇರಳೆ ಬಣ್ಣದ ಹನಿ ಇಳಿಯುತ್ತದೆ. ಮೂರರಿಂದ ಐದು ನಿಮಿಷ ಬಿಟ್ಟು ಧಾರಾಳ ನೀರಿನಲ್ಲಿ ತೊಳೆಯಿರಿ. ಮೇಲೆ ಒಣಗಲು ಬಿಟ್ಟರೆ ಅದೇ ಹೊಸ ಕಲೆ. ಕೊಳೆತ ಮೊಟ್ಟೆಯ ನಾತ ಬರುತ್ತದೆ, ಮಾಸ್ಕ್ ಮತ್ತು ಕೈಗವಸು ಹಾಕಿಕೊಳ್ಳಿ. ಈಗಷ್ಟೇ ಓಡಿಸಿ ತಂದ ಕಾರಿನ ಬಿಸಿ ಡಿಸ್ಕಿಗೆ ಹೊಡೆಯಬೇಡಿ. ತೊಳೆದ ನೀರು ಬಾವಿ ಕಡೆ, ತೋಟದ ಕಾಲುವೆ ಕಡೆ ಹರಿಯದ ಹಾಗೆ ನೋಡಿಕೊಳ್ಳಿ.

ಹಂತ 5: ಕ್ಲೇ

ಈಗ ಒಂದು ಪರೀಕ್ಷೆ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ, ತೊಳೆದ ಬಾನೆಟ್ ಮೇಲೆ ಮೆಲ್ಲಗೆ ಆಡಿಸಿ. ಬರಿಗೈಗೆ ನುಣುಪು ಅನ್ನಿಸಿದ್ದು ಚೀಲದ ಮೂಲಕ ರವೆಯ ಹಾಗೆ ತರಿತರಿ ಅನ್ನಿಸುತ್ತದೆ. ಆ ತರಿ ಹೋಗಲು ಕ್ಲೇ ಬಾರ್ ಬೇಕು. ಮಕ್ಕಳು ಆಡುವ ಬಣ್ಣದ ಹಿಟ್ಟಿನಂಥ ಉಂಡೆ ಅದು.

ಉಂಡೆಯಿಂದ ಸ್ವಲ್ಪ ಮುರಿದು, ಅಂಗೈಯಲ್ಲಿ ಚಪ್ಪಟೆ ಮಾಡಿ. ಎರಡಡಿ ಚೌಕದಷ್ಟು ಜಾಗಕ್ಕೆ ಕ್ಲೇ ಲ್ಯೂಬ್, ಅಂದರೆ ಜಾರಲು ಬಳಸುವ ದ್ರವ, ಧಾರಾಳವಾಗಿ ಹೊಡೆಯಿರಿ. ಒತ್ತದೆ, ನೇರ ಗೆರೆಯಲ್ಲಿ ಹಿಂದೆ ಮುಂದೆ ಜಾರಿಸಿ. ಮೊದಲು ಕರಕರ ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಸದ್ದು ನಿಂತರೆ ಆ ಜಾಗ ಮುಗಿಯಿತು. ಕ್ಲೇ ಕೊಳೆಯಾದಾಗ ಮಡಚಿ ಹೊಸ ಮುಖ ತನ್ನಿ.

ಕ್ಲೇ ನೆಲಕ್ಕೆ ಬಿದ್ದರೆ ಎಸೆಯಿರಿ. ತೊಳೆದು ಬಳಸುತ್ತೇನೆ ಅನ್ನಬೇಡಿ, ಒಳಗೆ ಹೂತ ಒಂದೇ ಮರಳಿನ ಕಾಳು ಇಡೀ ಡೋರಿಗೆ ಗೀರು ಎಳೆಯುತ್ತದೆ. ಅದಕ್ಕೇ ಮೊದಲೇ ಸಣ್ಣ ತುಂಡು ಮಾಡಿಕೊಳ್ಳಿ ಅಂದದ್ದು.

ಕ್ಲೇ ಆದಮೇಲೆ ಮೈಮೇಲೆ ಸಣ್ಣ ಮಬ್ಬು, ಕೂದಲೆಳೆ ಗೀರು ಕಾಣಬಹುದು. ಗಾಬರಿ ಬೇಡ, ಪಾಲಿಷಿಗೆ ಹೋಗುತ್ತದೆ. ಮತ್ತೊಮ್ಮೆ ತೊಳೆದು ಒಣಗಿಸಿ ಇವತ್ತಿಗೆ ನಿಲ್ಲಿಸಿ.

ಹಂತ 6: ಬೆಳಕು ಹಿಡಿದು ನೋಡಿ, ಎಲ್ಲಿ ನಿಲ್ಲಿಸಬೇಕು ನಿರ್ಧರಿಸಿ

ಎರಡನೇ ದಿನ. ಟಾರ್ಚ್ ಬೆಳಕನ್ನು ಒಂದೊಂದು ಭಾಗದ ಮೇಲೂ ಓರೆಯಾಗಿ ಬಿಡಿ. ಜೇಡರ ಬಲೆಯ ಹಾಗೆ ಸುತ್ತು ಗೀರುಗಳು ಕಾಣುತ್ತವೆ. ಇವಕ್ಕೆ ಸ್ವರ್ಲ್ ಎನ್ನುತ್ತಾರೆ. ಇಷ್ಟು ವರ್ಷ ಒಂದೇ ಬಟ್ಟೆಯಲ್ಲಿ ಒರೆಸಿದ ಫಲ. ಇವು ಮೇಲ್ಮೇಲೆ ಇರುತ್ತವೆ, ಹೋಗುತ್ತವೆ.

ಉಗುರು ಅಡ್ಡ ಆಡಿಸಿದಾಗ ಸಿಕ್ಕಿಕೊಳ್ಳುವ ಗೀರು ಆಳವಾದದ್ದು. ಅದನ್ನು ಬೆನ್ನಟ್ಟಬೇಡಿ. ಅದು ಹೋಗುವಷ್ಟು ಉಜ್ಜಿದರೆ ಸುತ್ತಲಿನ ಕ್ಲಿಯರ್ ಕೋಟೂ ಹೋಗುತ್ತದೆ. ಕಿರಿದಾದ ಹಳ್ಳಿ ದಾರಿಯಲ್ಲಿ ಬೇಲಿ ತರಚಿದ ಗೆರೆಗಳಲ್ಲಿ ಹತ್ತಕ್ಕೆ ಹತ್ತೂ ಹೋಗಬೇಕೆಂಬ ಹಟ ಬಿಡಿ. ಕಾರು ಓಡಿಸುವುದಕ್ಕೆ ಇರುವುದು, ಮುಂದಿನ ತಿಂಗಳು ಅದೇ ದಾರಿಯಲ್ಲಿ ಅದೇ ಬೇಲಿ ಇರುತ್ತದೆ.

ಸಾಧ್ಯವಾದರೆ ಬಣ್ಣದ ದಪ್ಪ ಅಳೆಯುವ ಗೇಜ್ ಎರವಲು ತನ್ನಿ. ಒಂದೊಂದು ಭಾಗದಲ್ಲೂ ನಾಲ್ಕೈದು ಕಡೆ ಅಳೆಯಿರಿ. 200 ಮೈಕ್ರಾನ್ ದಾಟಿದರೆ ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಸಿರುವ ಸಾಧ್ಯತೆ ಹೆಚ್ಚು. ಸೆಕೆಂಡ್ ಹ್ಯಾಂಡ್ ಕಾರಿನವರಿಗೆ ಇಲ್ಲಿ ಒಂದೆರಡು ಆಶ್ಚರ್ಯ ಕಾದಿರುತ್ತದೆ! 80ಕ್ಕಿಂತ ಕಡಿಮೆ ಬಂದರೆ ಕಾಂಪೌಂಡ್ ಬೇಡವೇ ಬೇಡ. ಸಾಮಾನ್ಯ ಗೇಜ್ ಪ್ಲಾಸ್ಟಿಕ್ ಬಂಪರ್ ಮೇಲೆ ಓದುವುದಿಲ್ಲ. ಗೇಜ್ ಸಿಗದಿದ್ದರೆ ಹಗುರ ಪಾಲಿಷಿಗೇ ನಿಲ್ಲಿ.

ಹಂತ 7: ಪಾಲಿಷ್

ಎರಡು ಥರದ ಮೆಷಿನ್ ಇವೆ. ರೋಟರಿ ಒಂದೇ ಕಡೆ ಗಿರ್ರನೆ ತಿರುಗುತ್ತದೆ, ಬೇಗ ಬಿಸಿಯಾಗುತ್ತದೆ, ಒಂದು ಕ್ಷಣ ಮರೆತರೆ ಬಣ್ಣ ಸುಡುತ್ತದೆ. ಡಿಎ ಅಂದರೆ ಡ್ಯುಯಲ್ ಆಕ್ಷನ್, ತಿರುಗುತ್ತಲೇ ಅಲುಗಾಡುತ್ತದೆ, ತಪ್ಪು ಮಾಡಿದರೂ ಸ್ವಲ್ಪ ಕ್ಷಮಿಸುತ್ತದೆ. ಮೊದಲ ಸಲದವರು ಡಿಎ ಬಿಟ್ಟು ಬೇರೆ ಮುಟ್ಟಬೇಡಿ. ಡ್ರಿಲ್ ಮೆಷಿನಿಗೆ ಪ್ಯಾಡ್ ಸಿಕ್ಕಿಸುವ ಉಪಾಯ ಕೂಡ ಬೇಡ. ಟೂತ್‌ಪೇಸ್ಟ್ ವಿಡಿಯೋಗಳನ್ನು ನೋಡಿ ನಕ್ಕು ಬಿಡಿ.

ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಲೋಗೋ, ಡೋರಿನ ಅಂಚು, ಬಾನೆಟ್ಟಿನ ಎದ್ದ ಗೆರೆ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚು ಮತ್ತು ಗೆರೆಗಳ ಮೇಲೆ ಕ್ಲಿಯರ್ ಕೋಟ್ ಎಲ್ಲಕ್ಕಿಂತ ತೆಳು. ಬಣ್ಣ ಹಾರಿಸಿಕೊಂಡು ಅಳುವವರೆಲ್ಲ ಹಾರಿಸಿಕೊಳ್ಳುವುದು ಅಲ್ಲೇ.

ಮೊದಲು ಪ್ರಯೋಗ. ಬಾನೆಟ್ ಮೇಲೆ ಒಂದೂವರೆ ಅಡಿ ಚೌಕ ಗುರುತು ಮಾಡಿ. ಮೆದು ಪ್ಯಾಡ್, ಫಿನಿಶಿಂಗ್ ಪಾಲಿಷ್ ಬಟಾಣಿ ಗಾತ್ರದ ನಾಲ್ಕು ಹನಿ. ಮೆಷಿನ್ ನಿಲ್ಲಿಸಿಟ್ಟೇ ಮೊದಲು ಪಾಲಿಷನ್ನು ಹರಡಿ, ಆಮೇಲೆ ಸ್ವಿಚ್ ಒತ್ತಿ. ಹರಡದೆ ಒತ್ತಿದರೆ ನಿಮ್ಮ ಅಂಗಿಗೇ ಪಾಲಿಷ್. ಮೆಷಿನಿನ ವೇಗದ ಗುಂಡಿ 4 ಅಥವಾ 5ರಲ್ಲಿ ಇರಲಿ. ಅಡ್ಡಕ್ಕೆ ಒಂದು ಸುತ್ತು, ಉದ್ದಕ್ಕೆ ಒಂದು ಸುತ್ತು, ಹೀಗೆ ನಾಲ್ಕರಿಂದ ಆರು. ಕೈ ನಿಧಾನಕ್ಕೆ ಹೋಗಲಿ. ಒತ್ತಡ ಪ್ಯಾಡ್ ತಿರುಗುವುದು ನಿಲ್ಲದಷ್ಟು ಮಾತ್ರ. ಒರೆಸಿ, ಟಾರ್ಚ್ ಬಿಟ್ಟು ನೋಡಿ. ಸ್ವರ್ಲ್ ಹೋಗಿದ್ದರೆ ಇಡೀ ಕಾರಿಗೆ ಇಷ್ಟೇ ಸಾಕು. ಹೋಗದಿದ್ದರೆ ಮಾತ್ರ ಕಾಂಪೌಂಡ್ ಮತ್ತು ಗಟ್ಟಿ ಪ್ಯಾಡ್, ಅದರ ನಂತರ ಮತ್ತೆ ಫಿನಿಶಿಂಗ್. ಕಾಂಪೌಂಡಿನಿಂದಲೇ ಶುರು ಮಾಡುವುದು ಇರುವೆಗೆ ದೊಣ್ಣೆ ಎತ್ತಿದ ಹಾಗೆ.

ಒಂದೊಂದು ಚೌಕ ಆದಮೇಲೂ ಪ್ಯಾಡನ್ನು ಬ್ರಷ್ಷಿನಿಂದ ಉಜ್ಜಿ ಪುಡಿ ಉದುರಿಸಿ. ಆಗಾಗ ಹಿಂಗೈ ಇಟ್ಟು ಬಿಸಿ ನೋಡಿ, ಮುಟ್ಟಲು ಕಷ್ಟವಾದರೆ ನಿಲ್ಲಿಸಿ. ಪ್ಲಾಸ್ಟಿಕ್ ಬಂಪರಿನ ಬಿಸಿ ತಗಡಿನ ಹಾಗೆ ಬೇಗ ಆರುವುದಿಲ್ಲ, ಅಲ್ಲಿ ಇನ್ನೂ ಹುಷಾರು. ಹಳೆಯ ಬಿಳಿ, ಕೆಂಪು ಕಾರುಗಳಲ್ಲಿ ಪ್ಯಾಡಿಗೆ ಕಾರಿನ ಬಣ್ಣವೇ ಬಂದರೆ ಅದಕ್ಕೆ ಕ್ಲಿಯರ್ ಕೋಟ್ ಇಲ್ಲದ ಬಣ್ಣ ಇರಬಹುದು. ಅಂಥ ಬಣ್ಣದಲ್ಲಿ ಇದು ಸಹಜ. ಮೆಟಾಲಿಕ್ ಕಾರಿನಲ್ಲಿ ಹಾಗೆ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ನೀವು ಕ್ಲಿಯರ್ ಕೋಟ್ ದಾಟಿದ್ದೀರಿ.

ಹೊಸ ಕಾರಿಗೂ ಪಾಲಿಷ್ ಬೇಕಾ? ಶೋರೂಮಿನಿಂದ ಬಂದ ವಾರದ ಕಾರಿಗೂ ಟಾರ್ಚ್ ಹಿಡಿದು ನೋಡಿ, ಆಮೇಲೆ ನೀವೇ ಹೇಳಿ. ಫಿನಿಶಿಂಗ್ ಒಂದು ಸುತ್ತು ಸಾಮಾನ್ಯವಾಗಿ ಸಾಕು.

ಪಾಲಿಷ್ ಮುಗಿದ ಮೇಲೆ ಸಂದುಗೊಂದಿನ ಬಿಳಿ ಪುಡಿ ಹೋಗುವ ಹಾಗೆ ಮತ್ತೊಮ್ಮೆ ತೊಳೆಯಿರಿ. ಕನ್ನಡಿ, ಹಿಡಿ, ಲೈಟಿನ ಸುತ್ತ, ನಂಬರ್ ಪ್ಲೇಟಿನ ಹಿಂದೆ ನೀರು ಅಡಗಿ ಕೂತಿರುತ್ತದೆ. ಬ್ಲೋವರ್ ಇದ್ದರೆ ಊದಿ. ಇಲ್ಲದಿದ್ದರೆ ಧೂಳಿಲ್ಲದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ಒರೆಸಿ, ರಾತ್ರಿ ಸೂರಿನಡಿ ನಿಲ್ಲಿಸಿ. ಟಯರಿಗೆ ಹೊಳಪಿನ ದ್ರವ, ಡ್ಯಾಶ್‌ಬೋರ್ಡಿಗೆ ಸ್ಪ್ರೇ ಇವನ್ನು ಈಗ ಹೊಡೆಯಲೇಬೇಡಿ. ಅದರ ಸಿಲಿಕೋನ್ ಗಾಳಿಯಲ್ಲಿ ಹಾರಿ ಬಣ್ಣದ ಮೇಲೆ ಕೂತರೆ ಕೋಟಿಂಗ್ ಅಲ್ಲಲ್ಲಿ ಹರಡದೆ ಬಿಟ್ಟುಕೊಳ್ಳುತ್ತದೆ.

ಹಂತ 8: ಕೊನೆಯ ಒರೆಸುವಿಕೆ

ಮೂರನೇ ದಿನ ಬೆಳಗ್ಗೆ. ಶಿರಸಿ, ಸಿದ್ದಾಪುರ ಕಡೆ ಚಳಿಗಾಲದಲ್ಲಿ ಇಬ್ಬನಿ ಆರಲು ಒಂಬತ್ತು, ಹತ್ತು ಗಂಟೆ ಆದೀತು. ಸೂರಿನಡಿ ಇದ್ದರೂ ತಣ್ಣನೆ ತಗಡಿನ ಮೇಲೆ ತೇವ ಕಟ್ಟುತ್ತದೆ. ಕೈಯಿಟ್ಟು ನೋಡಿ, ಪೂರ್ತಿ ಒಣಗಿದ ಮೇಲೇ ಶುರು ಮಾಡಿ. ಕಡಲ ಪಕ್ಕದವರ ಕಾರಿನ ಮೇಲೆ ರಾತ್ರಿ ಉಪ್ಪು ಕೂತಿರಬಹುದು. ಅನುಮಾನ ಬಂದರೆ ಒಳ್ಳೆಯ ನೀರಿನಲ್ಲಿ ಮತ್ತೊಮ್ಮೆ ತೊಳೆದು ಒಣಗಿಸಿ.

ಪಾಲಿಷಿನಲ್ಲಿ ಎಣ್ಣೆಯ ಅಂಶ ಇರುತ್ತದೆ. ಅದು ಗೀರುಗಳೊಳಗೆ ತುಂಬಿಕೊಂಡು ಎಲ್ಲ ಚೆನ್ನಾಗಿದೆ ಎಂದು ಕಣ್ಣಿಗೆ ಮೋಸ ಮಾಡುತ್ತದೆ. ಕೋಟಿಂಗ್ ಅಂಟದಂತೆ ಅಡ್ಡವೂ ನಿಲ್ಲುತ್ತದೆ. ಅದನ್ನು ತೆಗೆಯುವ ಕೆಲಸವೇ ಪ್ಯಾನೆಲ್ ವೈಪ್. ನಾನು ನನ್ನ ಮೊದಲ ಕಾರಿನಲ್ಲಿ ಬಟ್ಟೆ ಮುಗಿಯಿತೆಂದು ಎಡಬದಿಯ ಹಿಂದಿನ ಡೋರನ್ನು ಸುಮ್ನೆ ಒಣ ಬಟ್ಟೆಯಲ್ಲಿ ಒರೆಸಿ ಹಚ್ಚಿಬಿಟ್ಟೆ. ಮುಂದಿನ ಮಳೆಗಾಲದಲ್ಲಿ ಇಡೀ ಕಾರಿನ ಮೇಲೆ ನೀರು ಮುತ್ತಾಗಿ ಉರುಳುತ್ತಿತ್ತು, ಆ ಡೋರಿನ ಮೇಲೆ ಮಾತ್ರ ಚಾಪೆ ಹಾಸಿದ ಹಾಗೆ ಹರಡಿ ನಿಲ್ಲುತ್ತಿತ್ತು.

ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸುವುದಾದರೆ ನೇರ ಹಾಕಬೇಡಿ. ತುಂಬ ಗಾಢವಾದರೆ ಕ್ಲಿಯರ್ ಕೋಟ್ ಮೆತ್ತಗಾಗಬಹುದು, ಬಟ್ಟೆಯೂ ಜಾರದೆ ಹಿಡಿದುಕೊಂಡು ಗೀರು ಬೀಳುತ್ತದೆ. ಒಂದು ಭಾಗಕ್ಕೆ ಮೂರು ನಾಲ್ಕು ಭಾಗ ಶುದ್ಧ ನೀರು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆದರೆ ಒಳ್ಳೆಯದು. ಬೋರ್ ನೀರು ಬೆರೆಸಿದರೆ ಇಷ್ಟು ಹೊತ್ತು ತೆಗೆದ ಸುಣ್ಣವನ್ನು ನೀವೇ ಮತ್ತೆ ಬಳಿದಂತೆ. ಸ್ಯಾನಿಟೈಸರ್ ಆಗುವುದಿಲ್ಲ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಹತ್ತಿರ ಒಲೆ, ಬೀಡಿ, ಸಿಗರೇಟು ಇರಬಾರದು.

ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದಕ್ಕೆ ದ್ರವ ಹೊಡೆದು ಒರೆಸಿ, ಹಿಂದೆಯೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ಒಂದು ಭಾಗಕ್ಕೆ ಎರಡು ಸಲ. ಬಟ್ಟೆ ಜಿಡ್ಡು ಹಿಡಿದರೆ ಬದಲಿಸಿ. ಆಮೇಲೆ ಮತ್ತೆ ಟಾರ್ಚ್. ಈಗ ಗೀರುಗಳು ಮರಳಿ ಕಂಡರೆ ಅವು ಹೋಗಿರಲೇ ಇಲ್ಲ, ಎಣ್ಣೆ ಮುಚ್ಚಿಟ್ಟಿತ್ತು ಅಷ್ಟೇ. ಬೇಕಾದರೆ ಆ ಜಾಗಕ್ಕೆ ಇನ್ನೊಂದು ಸುತ್ತು ಪಾಲಿಷ್ ಮಾಡಿ, ಮತ್ತೆ ಒರೆಸಿ. ಈ ಹೊತ್ತಿನಲ್ಲಿ ಬೇಸರ ಬರುತ್ತದೆ. ಆದರೂ ಇದೇ ಕೊನೆಯ ಅವಕಾಶ.

ಒರೆಸಿದ ಮೇಲೆ ಬರಿಗೈ ತಾಗಿಸಬೇಡಿ. ನುಣುಪು ಎಷ್ಟಾಗಿದೆ ನೋಡೋಣ ಎಂದು ಸವರುವ ಚಪಲ ಎಲ್ಲರಿಗೂ ಇರುತ್ತದೆ, ಮನೆಗೆ ಬಂದ ನೆಂಟರಿಗೆ ಇನ್ನೂ ಜಾಸ್ತಿ. ಬೆರಳಿನ ಎಣ್ಣೆ ಸಾಕು. ಕೈಗವಸು ಹಾಕಿಕೊಂಡು, ಒರೆಸಿದ ಕೂಡಲೇ ಹಚ್ಚಲು ಶುರು ಮಾಡಿ. ನಡುವೆ ಊಟಕ್ಕೆ ಎದ್ದು ಹೋದಿರಾದರೆ, ಬಂದು ಉಳಿದ ಭಾಗವನ್ನು ಮತ್ತೊಮ್ಮೆ ಒರೆಸಿಯೇ ಮುಂದುವರಿಯಿರಿ.